ಜ್ವರಕ್ಕೆ ಕೂತ ಮೊಮ್ಮಗಳು

ಉಡಿಗಾಲ
9-8-2025, ಶನಿವಾರ

ನನ್ನ ಸೊಸೆ ರೂಪಶ್ರೀಗೆ ಅತ್ತೆ ಶಾಂತಮಲ್ಲಮ್ಮ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯಮ್ಮಾ? ಪರೇಡಿನಲ್ಲಿ ಉಳುಕಿದ ಕಾಲು ವಾಸಿಯಾಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು. ಪೊಲೀಸಾಗುವವಳಿಗೆ ಅದನ್ನೂ ನಾನೇ ಹೇಳಬೇಕು. ನಿಮ್ಮ ತರಬೇತಿ ಶಾಲೆಯವರು ಭಾನುವಾರ ಹತ್ತು ನಿಮಿಷ ಫೋನು ಕೊಟ್ಟರೆ ಎಂಟು ನಿಮಿಷ ನೀನು ಅಳುತ್ತೀಯ. ಅದಕ್ಕೇ ನಾಲ್ಕನೇ ಕ್ಲಾಸಿನ ನನ್ನ ಸೊಟ್ಟ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ‘ರಂಜಿ ಎಲ್ರನ್ನೂ ಕಚ್ತಾಳಂತೆ, ಟ್ರೈನಿಂಗ್ ಬುಟ್ಟು ಬಂದ್ಬುಡ್ತೀನಿ ಅತ್ತೆ’ ಅಂದೆಯಲ್ಲ, ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ನಿನ್ನ ಮಗಳು ಕಚ್ಚುತ್ತಿದ್ದುದು ಸುಳ್ಳಲ್ಲ. ಪಕ್ಕದ ಮನೆ ಮುದ್ದಯ್ಯನ ಮೊಮ್ಮಗನ ತೋಳು ನೋಡಿದರೆ ಇಲಿ ಕಡಿದ ಸೌತೆಕಾಯಿ ಹಾಗಿತ್ತು. ಅಂಗನವಾಡಿ ಟೀಚರು ಎರಡು ಸಲ ಕರೆಸಿದರು. ನಾನು ಬೈದೆ, ಬೆಲ್ಲ ಕೊಟ್ಟೆ, ಮೊಬೈಲು ಕೊಟ್ಟೆ. ಮೊಬೈಲು ಕಿತ್ತುಕೊಂಡರೆ ಊಟದ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು.

ಹೋದ ಸೋಮವಾರ ನಮ್ಮ ರೇಷ್ಮೆಹುಳು ಮೂರನೇ ಜ್ವರಕ್ಕೆ ಕೂತವು. ಹಳೇ ಚರ್ಮ ಕಳಚುವ ಮುಂಚೆ ಅವು ತಿನ್ನುವುದು ಬಿಟ್ಟು, ತಲೆ ಎತ್ತಿ, ಒಂದು ದಿನ ಮಿಸುಕದೆ ಕೂರುವುದು ನಿನಗೆ ಗೊತ್ತಲ್ಲ. ನಿನ್ನ ಮಗಳು ಹಿಡಿ ಸೊಪ್ಪು ತಂದು ಹಾಕಲು ಬಂದಳು. ‘ಬ್ಯಾಡ ಕಣಮ್ಮಿ, ಈಗ ಮುಟ್ಟುದ್ರೆ ಕೆಡ್ತವೆ’ ಎಂದು ತಡೆದೆ. ರಂಪ ಮಾಡುತ್ತಾಳೆಂದು ಸೆರಗು ಬಿಗಿದು ನಿಂತೆ. ಅವಳು ಬಗ್ಗಿ ನೋಡಿ, ‘ಅವ್ಕೆ ಹೊಟ್ಟೆ ಹಸಿಯಲ್ವಾ?’ ಎಂದಳು. ಹಸಿದರೂ ಕಾಯುತ್ತವೆ ಎಂದೆ. ಆ ಸೊಪ್ಪು ಹಿಡಿದುಕೊಂಡೇ ಹುಳುಮನೆ ಬಾಗಿಲಲ್ಲಿ ಕೂತಳು ನೋಡು! ಗಳಿಗೆಗೊಂದು ಸಲ ‘ಎದ್ವಾ?’ ಎಂದು ಕೇಳುವುದು, ಮತ್ತೆ ಕೂರುವುದು. ಮರುದಿನ ಎಲ್ಲವೂ ಎದ್ದ ಮೇಲೆ ಮೊದಲ ಸೊಪ್ಪು ಅವಳ ಕೈಯಿಂದಲೇ ಹಾಕಿಸಿದೆ. ಮೂವತ್ತು ವರ್ಷ ಹುಳು ಸಾಕಿದ್ದೇನೆ, ಹೀಗೆ ಕಾದವರನ್ನು ಕಂಡಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಗುರುವಾರ ಮುದ್ದಯ್ಯನ ಮೊಮ್ಮಗ ಅವಳ ಬುಗುರಿ ಕಿತ್ತುಕೊಂಡ. ಇವಳು ಹಲ್ಲು ಕಿರಿದು ನುಗ್ಗಿದಳು. ನಾನು ಓಡುವಷ್ಟರಲ್ಲಿ ತಾನೇ ನಿಂತು, ಹಿಂದಕ್ಕೆ ಬಂದು ಜಗಲಿ ಮೇಲೆ ಕೂತಳು. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ಮುಷ್ಟಿ ಬಿಗಿದು, ಥೇಟ್ ಹುಳುವಿನ ಹಾಗೆ. ಎದೆ ಮಾತ್ರ ತಿದಿಯ ಹಾಗೆ ಏರಿಳಿಯುತ್ತಿತ್ತು. ಏನಾಯಿತೇ ಎಂದರೆ, ‘ಸುಮ್ಕಿರಜ್ಜಿ, ನಾನು ಜ್ವರಕ್ಕೆ ಕುಂತಿವ್ನಿ!’ ಆಮೇಲೆ ಎದ್ದು ಹೋಗಿ ‘ಕೊಡ್ಲಾ ನನ್ ಬುಗುರಿ’ ಎಂದಳು. ಅವನು ಕೊಟ್ಟ! ಅಷ್ಟು ದೊಡ್ಡ ಸಿಟ್ಟನ್ನು ಅಷ್ಟು ಚಿಕ್ಕ ಮೈ ಹೇಗೆ ಹಿಡಿದಿಟ್ಟಿತಮ್ಮಾ? ಅರವತ್ತೆರಡಾದರೂ ಬಾಯಿಗೆ ಬಂದ ಒಂದು ಮಾತನ್ನೂ ನಾನು ನುಂಗಿದವಳಲ್ಲ.

ದೇವತೆಯಾಗಿಬಿಟ್ಟಳು ಎಂದುಕೊಳ್ಳಬೇಡ. ನಿನ್ನೆ ತಲೆ ಬಾಚುವಾಗ ನನ್ನನ್ನೇ ಕಚ್ಚಿದಳು. ನಾನು ಕೈ ಎತ್ತಿದೆ. ‘ನೀನೂ ಕೂತ್ಕಜ್ಜಿ’ ಎಂದಳು. ಇಬ್ಬರೂ ಜಗಲಿ ಮೇಲೆ ಮುಖ ಎತ್ತಿ ಕೂತೆವು. ದಾರಿಯಲ್ಲಿ ಹೋಗುವವರು ನಕ್ಕರು, ನಗಲಿ.

ಮಾದಪ್ಪ ನಿನ್ನ ಕಾಲಿಗೂ ಮನಸ್ಸಿಗೂ ಬಲ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅತ್ತೆ,
ಶಾಂತಮಲ್ಲಮ್ಮ

ಮರೆತಿದ್ದೆ: ‘ಅವ್ವನ ಕೈಲಿ ಆಗ್ತಿಲ್ಲ, ಬಂದ್ಬುಡು’ ಎಂದು ನನ್ನ ಮಗ ಗಿರೀಶ ಗುಂಡ್ಲುಪೇಟೆಯಿಂದ ಬರೆದಿದ್ದನಲ್ಲ, ಅದು ನಿನ್ನ ಗಂಡನ ಮಾತಲ್ಲ. ಅವನ ಬಸ್ ಡಿಪೋಗೆ ಫೋನು ಮಾಡಿ ಬರೆಸಿದವಳು ನಾನು. ಸೊಸೆ ಖಾಕಿ ಹಾಕುವುದು ನನಗೆ ಹಿಡಿಸಿರಲಿಲ್ಲ, ಮಗುವನ್ನು ನೆಪ ಮಾಡಿಕೊಂಡೆ. ತಪ್ಪಾಯಿತು. ಆ ಕಾಗದ ಹರಿದು ಹಾಕು. ಇನ್ನುಳಿದ ನಾಲ್ಕು ತಿಂಗಳು ಮುಗಿಸದೆ ಬಂದರೆ ಬಾಗಿಲು ತೆಗೆಯುವುದಿಲ್ಲ.