ಸೆರೆಯಲ್ಲಿರುವ ಒಬ್ಬ ಕಳ್ಳನ ಬಗ್ಗೆ ದಬ್ಬಾಳಿಕೆಯ ದೇವರಿಗೆ

ಕಮತಗಿ,
ಫೆಬ್ರವರಿ ೧೯೮೬

ದಬ್ಬಾಳಿಕೆಯ ದೇವರ ಸನ್ನಿಧಾನಕ್ಕೆ,

ತಾವು ನನ್ನ ಮಗನನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಿದ್ದೀರಿ. ಅವನ ಬಿಡುಗಡೆಯನ್ನು ಕೇಳಲು ಈ ಪತ್ರವನ್ನು ಆರಂಭಿಸಿದ್ದೇನೆ. ‘ಮಾನ್ಯರೇ’ ಎಂದು ಮೊದಲು ಮಾಡುವುದು ಇಂಥ ಪತ್ರಗಳ ರೂಢಿ. ಆದರೆ ತಾವು ಮಾನ್ಯರು ಹೌದೋ ಅಲ್ಲವೋ ಎಂಬುದೇ ಇಲ್ಲಿ ಚರ್ಚೆಯ ವಿಷಯವಾದ್ದರಿಂದ ಆ ಸಂಬೋಧನೆಯನ್ನು ತೀರ್ಮಾನವಾಗುವವರೆಗೆ ತಡೆಹಿಡಿದಿದ್ದೇನೆ. ತಾವು ನಿಜವಾಗಿ ಇಲ್ಲವೆಂಬುದನ್ನು ಯಾರಾದರೂ ನನಗೆ ನೆನಪಿಸುವ ಅಗತ್ಯವೂ ಇಲ್ಲ. ಇಲ್ಲದವರಿಗೆ ಮನವಿ ಬರೆಯುವುದು ಈ ಜಿಲ್ಲೆಯಲ್ಲಿ ಹೊಸತೇನಲ್ಲ. ಕುಡಿಯುವ ನೀರಿನ ಬಗ್ಗೆ ನಾನೇ ಹಲವು ಸಲ ಬರೆದಿದ್ದೇನೆ.

ಈ ಪತ್ರ ಅಚ್ಚಾಗುವ ವಾರಪತ್ರಿಕೆಯ ಓದುಗರಿಗೆ ತಮ್ಮ ಪರಿಚಯ ಇರಲಾರದು, ಅದನ್ನು ನಾನೇ ಮಾಡಿಕೊಡಬೇಕಾಗಿದೆ. ತಾವು ಒಂದು ಆಟದ ದೇವರು. ಬಾಗಲಕೋಟೆಯಲ್ಲಿ ಓದುತ್ತಿರುವ ಜಲಾಲುದ್ದೀನ ಎಂಬ ಹುಡುಗನ ಸೋದರಮಾವ ಹಡಗಿನ ಕೆಲಸದವರು. ಎರಡು ವರ್ಷದ ಹಿಂದೆ ಅವರು ಪರದೇಶದಿಂದ ಒಂದು ಪೆಟ್ಟಿಗೆ ತಂದುಕೊಟ್ಟರು. ಅದರಲ್ಲಿದ್ದದ್ದು ಕೆಲವು ಇಂಗ್ಲಿಷ್ ಪುಸ್ತಕಗಳು ಮತ್ತು ಬಹುಮುಖದ ದಾಳಗಳು. ಆಟಗಾರರಲ್ಲಿ ಒಬ್ಬ ಒಂದು ಲೋಕವನ್ನು ಬಾಯಿಂದಲೇ ಕಟ್ಟಿ ಹೇಳುತ್ತಾನೆ. ಉಳಿದವರು ತಲೆಗೊಂದು ವೇಷ ಹಿಡಿದು ಆ ಲೋಕದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಶಾಸನಸಭೆಗಿಂತ ಪದ್ಧತಿ ಕೆಟ್ಟದ್ದೇನಲ್ಲ.

ಪೆಟ್ಟಿಗೆಯೊಳಗಿನ ಪರದೇಶದ ಲೋಕವನ್ನು ಹುಡುಗರು ಹಾಗೇ ಇಟ್ಟುಕೊಳ್ಳಲಿಲ್ಲ. ದೇವರಾದ ತಮಗೆ ಬಾದಾಮಿಯ ಕೆಂಪು ಬಂಡೆಯ ಮೇಲೆ ಕೋಟೆ ಕಟ್ಟಿಕೊಟ್ಟರು. ತಾವು ಆಳುವ ಸೇನೆಯನ್ನು ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಗೆ ತಂದು ನಿಲ್ಲಿಸಿದರು. ತಾವು ಹೊರಡಿಸಿದ ಕಾನೂನುಗಳನ್ನೂ ಅವರೇ ಬರೆದರು: ದೇವರ ಎದುರು ಯಾರೂ ಕೂಡಬಾರದು, ಪ್ರಜೆಯೊಬ್ಬ ಜೀವಮಾನದಲ್ಲಿ ಒಂದೇ ಒಂದು ಮನವಿ ಸಲ್ಲಿಸಬಹುದು, ಅಪ್ಪಣೆಯಿಲ್ಲದೆ ನಗುವುದು ಅಪರಾಧ. ಹೀಗೆ ದಬ್ಬಾಳಿಕೆಯನ್ನು ಇಷ್ಟು ವಿವರವಾಗಿ ಅವರು ಎಲ್ಲಿ ಕಲಿತರೋ ನಾನು ವಿಚಾರಿಸಿಲ್ಲ. ಲೋಕವನ್ನು ಹೇಳುವವನು ಗಾಳೆಪ್ಪ, ಬಾಗಲಕೋಟೆಯಲ್ಲಿ ನನ್ನ ಮಗನ ಖೋಲಿಯ ಜೊತೆಗಾರ. ದೇವರಾಗಿ ತಮ್ಮ ಮಾತನ್ನು ಆಡುವಾಗ ಅವನು ಮೊದಲು ಗಂಟಲು ಸರಿಪಡಿಸಿಕೊಂಡು ಬಲಗೈಯ ತೋರುಬೆರಳನ್ನು ಎತ್ತುತ್ತಾನೆ. ನಾನೂ ಹಾಗೆಯೇ ಮಾಡುತ್ತೇನೆಂದು ನನ್ನ ಪತ್ನಿಯ ಅಭಿಪ್ರಾಯ. ಆ ಹೋಲಿಕೆಯನ್ನು ಇಲ್ಲಿ ದಾಖಲೆಗೆ ಸೇರಿಸುವ ಅವಶ್ಯಕತೆ ನನಗೆ ಕಾಣುತ್ತಿಲ್ಲ.

ಈ ಆಟದಲ್ಲಿ ನನ್ನ ಮಗ ಈರಪ್ಪ ಕಳ್ಳನಾಗಿದ್ದ. ವೀರನಾಗಬಹುದಿತ್ತು, ಮಂತ್ರವಾದಿಯಾಗಬಹುದಿತ್ತು. ಮೂರು ತಲೆಮಾರಿನಿಂದ ತಕ್ಕಡಿಯನ್ನು ನೆಟ್ಟಗೆ ಹಿಡಿದ ಕಾಳಿನ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿ ಅವನು ಆರಿಸಿಕೊಂಡದ್ದು ಕಳ್ಳತನವನ್ನು. ನಾನು ಕೇಳದೆ ಬಿಡಲಿಲ್ಲ.

“ಕಳ್ಳ ಆಗಾಕ ಕಾಲೇಜ ಯಾಕ ಬೇಕಿತ್ತಲೇ? ಇಲ್ಲೇ ಸಂತ್ಯಾಗ ಕಲೀಬೌದಿತ್ತಲ್ಲ?”

“ಅಪ್ಪಾ, ನಾ ಬಡವರ ಮನಿ ಕಳ್ಳ ಅಲ್ಲ. ಆ ದೇವರ ಖಜಾನಿ ಅಷ್ಟ ಕದಿಯಾವ.”

“ಸಿಕ್ಕಿಬಿದ್ದರ?”

“ಸಿಕ್ಕಿಬಿದ್ದರ ನೀ ಅದೀಯಲ್ಲ, ವಾದ ಮಾಡಾಕ. ದೇವರೂ ಬ್ಯಾಸತ್ತು ಬಿಟ್ಟಬಿಡತಾನ.”

ಅಪ್ಪಣೆಯಿಲ್ಲದೆ ನಕ್ಕ. ನಮ್ಮ ಮನೆಯಲ್ಲೂ ಆ ಕಾನೂನಿಗೆ ಸಮೀಪದ್ದೊಂದು ಜಾರಿಯಲ್ಲಿತ್ತು.

ಈಗ ಬಂಧನದ ವಿಷಯ. ಹುಡುಗರು ಪ್ರತಿ ರವಿವಾರ ಸೇರುತ್ತಿದ್ದರು. ಯಾರು ಬರಲಿಲ್ಲವೋ ಅವರ ವೇಷವನ್ನು ತಮ್ಮ ಕಾವಲುಗಾರರು ಹಿಡಿದು ಬಂಡೆಯೊಳಗಿನ ಸೆರೆಮನೆಗೆ ತಳ್ಳಬೇಕು. ಮುಂದಿನ ರವಿವಾರ ಆ ಆಟಗಾರ ಅಮೀನಗಡದ ಕರದಂಟನ್ನು ಸ್ವತಃ ತನ್ನ ಕೈಯಾರೆ ತಂದರೆ ಮಾತ್ರ ಬಿಡುಗಡೆ. ಜಲಾಲುದ್ದೀನ ಎಂದೂ ಹೊತ್ತಿಗೆ ಬರುತ್ತಿರಲಿಲ್ಲವಾದ್ದರಿಂದ ಈ ನಿಯಮವನ್ನು ಸೂಚಿಸಿದವನು ನನ್ನ ಮಗನೇ. ಶಾಸನ ಮಾಡುವವರು ಅದು ತಮಗೂ ಅನ್ವಯಿಸೀತೆಂದು ಯೋಚಿಸುವುದು ಅಪರೂಪ. ದೀಪಾವಳಿ ಮುಗಿದ ಮೇಲೆ ಈರಪ್ಪನ ಕಣ್ಣು ಹಳದಿಯಾಗಿ ಕಾಮಣಿ ಆಯಿತು. ಊರಿಗೆ ಕರೆತಂದೆವು. ಆ ರವಿವಾರ ಅವನ ಜಾಗ ಖಾಲಿಯಿತ್ತು, ತಮ್ಮವರು ಕಳ್ಳನನ್ನು ಹಿಡಿದರು. ಸುದ್ದಿ ತಿಳಿದು ಹಾಸಿಗೆಯಲ್ಲೇ “ಬರೂ ವಾರ ಬಿಡಸ್ಕೋತೇನಿ” ಎಂದ. ಆ ವಾರವನ್ನು ಅವನು ಮುಟ್ಟಲಿಲ್ಲ. ನಮ್ಮ ಹೊಲದ ಬದುವಿನ ಹತ್ತಿರ ಸಮಾಧಿ ಮಾಡಿದೆವು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ತಮ್ಮ ಎದುರು ಯಾರೂ ಕೂಡಬಾರದೆಂಬ ಕಾನೂನಿಗೆ ಇದೊಂದು ಅಪವಾದವೆಂದು ದಯಮಾಡಿ ಗಮನಿಸಿರಿ.

ಅವನ ಟ್ರಂಕು ಹಾಸಿಗೆ ತರಲು ಬಾಗಲಕೋಟೆಗೆ ಹೋದಾಗ, ಕಳ್ಳ ಇನ್ನೂ ಒಳಗಿದ್ದಾನೆಂದು ನನಗೆ ತಿಳಿಯಿತು. ಜಲಾಲುದ್ದೀನ ಬಾಯಿತಪ್ಪಿ ಹೇಳಿದ, ಗಾಳೆಪ್ಪ ಅವನ ಕಾಲು ತುಳಿದ. ನಾನು ಟ್ರಂಕು ಹೊತ್ತು ಊರಿಗೆ ಬಂದೆ. ಮುಂದೆ ಕೆಲವು ವಾರ ನನಗೆ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಸತ್ತ ಮಗನ ವಿಷಯದಲ್ಲಿ ತಂದೆಗೆ ಮಾಡುವುದೇನೂ ಉಳಿದಿರುವುದಿಲ್ಲ. ಸೆರೆಯಲ್ಲಿರುವ ಮಗನ ವಿಷಯ ಹಾಗಲ್ಲ, ಅಲ್ಲಿ ಕೆಲಸವಿರುತ್ತದೆ. ಕಳೆದ ರವಿವಾರ ಮೊದಲು ಹಿಂದಕ್ಕೆ ಅಮೀನಗಡಕ್ಕೆ ಹೋಗಿ ಕರದಂಟು ಕಟ್ಟಿಸಿಕೊಂಡು, ಅಲ್ಲಿಂದ ಬಾಗಲಕೋಟೆಯ ಆ ಖೋಲಿಗೆ ಹೋದೆ. ಹುಡುಗರು ಎದ್ದು ನಿಂತರು.

“ಬರ್ರಿ ಕಾಕಾ, ಕುಂದರ್ರಿ. ಚಾ ತರಸ್ತೇನಿ,” ಎಂದ ಗಾಳೆಪ್ಪ.

“ಚಾ ಆಮ್ಯಾಲೆ. ಕರದಂಟ ತಂದೇನಿ. ನನ್ನ ಮಗನ್ನ ಬಿಡ್ರಿ.”

ಪೊಟ್ಟಣವನ್ನು ಇಬ್ಬರೂ ನೋಡಿದರು, ಯಾರೂ ಮುಟ್ಟಲಿಲ್ಲ. ಜಲಾಲುದ್ದೀನ ಕಣ್ಣು ಒರೆಸಿಕೊಂಡು, “ತಗೋಳೋ ಮಾರಾಯಾ. ಕಾಕಾ ಅಷ್ಟ ದೂರದಿಂದ ತಂದಾರ,” ಎಂದ.

ಗಾಳೆಪ್ಪ ತಲೆಬಗ್ಗಿಸಿ, “ನೇಮ ಐತ್ರಿ ಕಾಕಾ. ಆಟಗಾರನ ಬರಬೇಕು,” ಎಂದ.

“ಹಂಗಾದ್ರ ನಿನ್ನ ಕೂಡ ನನ್ನ ಮಾತಿಲ್ಲ. ನಿಮ್ಮ ದೇವರನ್ನ ಕರಿ.”

ಹುಡುಗ ಗಂಟಲು ಸರಿಪಡಿಸಿಕೊಂಡು ಬೆರಳೆತ್ತಿದ. ನಾನು ಕಾನೂನಿಗೆ ವಿಧೇಯನಾಗಿ ನಿಂತೇ ವಾದ ಮಂಡಿಸಿದೆ. ಅದರ ಸಾರಾಂಶವನ್ನು ಸಾರ್ವಜನಿಕರ ಮುಂದೆ ಇಡುತ್ತಿದ್ದೇನೆ.

ತಾವು ಹಿಡಿದಿಟ್ಟ ಈ ಕಳ್ಳ ವಸ್ತುವೋ, ವ್ಯಕ್ತಿಯೋ? ವಸ್ತುವಾದರೆ ಅವನು ನನ್ನ ಮಗನ ಸೊತ್ತು. ಮಗನಿಗೆ ನಮ್ಮಿಬ್ಬರನ್ನು ಬಿಟ್ಟು ಬೇರೆ ವಾರಸುದಾರರಿಲ್ಲ. ಅವನ ಟ್ರಂಕನ್ನು ಯಾವ ಹಕ್ಕಿನಿಂದ ನಾನು ಒಯ್ದೆನೋ ಅದೇ ಹಕ್ಕಿನಿಂದ ಇವನನ್ನೂ ಒಯ್ಯುತ್ತೇನೆ. ವ್ಯಕ್ತಿಯೆನ್ನುವಿರಾದರೆ, ಅವನ ಮೇಲಿನ ಆರೋಪವೇನು? ಅವನು ಏನನ್ನೂ ಕದ್ದು ಸಿಕ್ಕಿಲ್ಲ. ತಮ್ಮ ಖಜಾನೆಯ ಬೀಗ ಇವತ್ತಿಗೂ ಗಟ್ಟಿಯಾಗಿದೆ. ಬರಲಿಲ್ಲ ಎಂಬುದೊಂದೇ ಅಪರಾಧ. ಬರಲಾರದವನನ್ನು ಬರಲಿಲ್ಲವೆಂದು ಶಿಕ್ಷಿಸುವ ಶಾಸ್ತ್ರ ಯಾವುದು? ಹತ್ತು ವರ್ಷದ ಹಿಂದೆ ಈ ದೇಶದಲ್ಲೂ ಜನರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದ ಕಾಲವೊಂದಿತ್ತು. ಹಾಗೆ ಹಾಕಿದವರೂ ದೇಶದ ಸುರಕ್ಷತೆಯೆಂಬ ಒಂದು ನೆಪವನ್ನಾದರೂ ಹೇಳುತ್ತಿದ್ದರು. ತಾವು ಅಷ್ಟು ಸೌಜನ್ಯವನ್ನೂ ತೋರಿಸಿಲ್ಲ. ಕಾಲೇಜಿನಲ್ಲಿದ್ದಾಗ ‘ದಬ್ಬಾಳಿಕೆಯೇ ದಕ್ಷ ಆಡಳಿತ’ ಎಂಬ ವಿಷಯದ ವಿರುದ್ಧ ಮಾತಾಡಿ ನಾನು ಚರ್ಚಾಸ್ಪರ್ಧೆಯ ಢಾಲು ಗೆದ್ದಿದ್ದೇನೆ. ಎದುರು ಪಕ್ಷದವರು ಅಂದು ತಮಗಿಂತ ಚೆನ್ನಾಗಿ ವಾದಿಸಿದ್ದರು.

ಇಷ್ಟಕ್ಕೆ ತಾವು ಕೊಟ್ಟ ಉತ್ತರ: “ಮನವಿ ತಿರಸ್ಕರಿಸಲಾಗಿದೆ.” ಆಮೇಲೆ ಗಾಳೆಪ್ಪ ಎತ್ತಿದ ಬೆರಳನ್ನು ಇಳಿಸಿ ತನ್ನ ಧ್ವನಿಯಲ್ಲೇ ಮಾತಾಡಿದ.

“ಕಾಕಾ, ಬರೂ ರವಿವಾರ ಜಲಾಲುದ್ದೀನನ ದಂಡು ಕೋಟಿಗೆ ನುಗ್ಗತೈತ್ರಿ. ದೇವರು ಸೋಲತಾನ, ಸೆರಿಮನಿ ಬಾಗಲಾ ಎಲ್ಲಾ ತೆರೀತಾವ. ಪರೀಕ್ಷಾ ಬಂತಲ್ರಿ, ಆಟ ಮುಗಸಬೇಕು. ನಾ ಹ್ಯಾಂಗರೆ ಮಾಡಿ ಮುಂದ ಹಾಕ್ಕೋಂತ ಬಂದೇನಿ.”

“ಸೋಲೂದ ಛಲೋನ ಆತಲ್ಲ. ಯಾಕ ಮುಂದ ಹಾಕೀದಿ?”

“ಬಾಗಲಾ ತೆರದ ಮ್ಯಾಲೆ ಎಲ್ಲಾರೂ ಹೊರಗ ಬರತಾರ್ರಿ. ಈರಪ್ಪನ ಕಳ್ಳನೂ ಬರಬೇಕು. ಅವನ್ನ ಯಾರು ನಡಸಬೇಕ್ರಿ? ಅವನ ಮಾತು ಯಾರು ಆಡಬೇಕು? ನನಗ ಆಗಂಗಿಲ್ಲ. ಜಲಾಲುದ್ದೀನಗೂ ಆಗಂಗಿಲ್ಲ. ಬಾಗಲದಾಗ ಸುಮ್ಮನ ನಿಂತಬಿಡತಾನ್ರಿ ಅವ. ಒಳಗ ಇರೂತನಕಾ… ಒಳಗ ಅದಾನ ಅಂತ ಇರತೈತಲ್ರಿ.”

ಪ್ರತಿವಾದಕ್ಕೆ ನನಗೆ ಎಂದೂ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಾದದ್ದಿಲ್ಲ. ಆ ದಿನ ಬಾಗಲಕೋಟೆಯಿಂದ ಕಮತಗಿಯವರೆಗೆ ಬಸ್ಸಿನಲ್ಲಿ ಕುಳಿತು ಹುಡುಕುತ್ತಲೇ ಇದ್ದೆ. ಮನೆಗೆ ಬಂದು, ಇಲ್ಲಿಯವರೆಗೆ ಓದುಗರು ಓದಿದ್ದನ್ನು ಒಂದೇ ಉಸಿರಿಗೆ ಬರೆದು ನನ್ನ ಪತ್ನಿ ಗುರುಲಿಂಗವ್ವನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

“ಹಂಗಾದ್ರ ಬರೂ ಐತವಾರ ಹೊರಗ ಬರತಾನೇನು?”

“ದೇವರು ಸೋತರ ಬರತಾನ.”

“ಬಂದು ಎಲ್ಲಿಗಿ ಹೋಗತಾನ? ಆ ಹುಡುಗೂರು ಪರೀಕ್ಷಾ ಮುಗಿಸಿ ತಮ್ಮ ತಮ್ಮ ಊರಿಗಿ ಹೋಗತಾವ. ಇವ ಒಬ್ಬಾವ ಆ ಗುಡ್ಡದಾಗ ಏನ ಮಾಡತಾನ?” ಮೊರವನ್ನು ಕೆಳಗಿಟ್ಟಳು. “ನೀವು ನಿಮ್ಮ ವಾದ ಗೆಲ್ಲೂದ ನೋಡಬ್ಯಾಡ್ರಿ. ಇರ್ಲಿ ಬಿಡ್ರಿ ಅಲ್ಲೇ. ಬುತ್ತಿ ಮುಟ್ಟಿಸಾಕ ಬಿಡತಾರೇನು, ಅದನ್ನ ಕೇಳ್ರಿ ಮೊದಲ.”

ತಾವು ಪರದೇಶದ ಪೆಟ್ಟಿಗೆಯಿಂದ ಬಂದವರು, ತಮಗೆ ಇದನ್ನು ವಿವರಿಸಬೇಕು. ನಮ್ಮ ಕಡೆ ಮಗ ಪಟ್ಟಣಕ್ಕೆ ಓದಲು ಹೋದನೆಂದ ಮಾತ್ರಕ್ಕೆ ತಾಯಿ ಅವನ ಊಟವನ್ನು ಪಟ್ಟಣಕ್ಕೆ ಬಿಟ್ಟುಕೊಡುವುದಿಲ್ಲ. ರೊಟ್ಟಿ, ಪಲ್ಯೆ, ಶೇಂಗಾ ಹಿಂಡಿಯನ್ನು ಡಬ್ಬಿಗೆ ಹಾಕಿ, ಬಟ್ಟೆ ಕಟ್ಟಿ, ಮುಂಜಾನೆಯ ಮೊದಲ ಬಸ್ಸಿನಲ್ಲಿ ಇಡುತ್ತಾರೆ. ಮಗ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಾನೆ. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ತಿರುಗಿ ಬರುತ್ತದೆ. ಅದು ಹಗುರಾಗಿದ್ದರೆ ಮಗ ಉಂಡಿದ್ದಾನೆ, ಚೆನ್ನಾಗಿದ್ದಾನೆ. ಗುರುಲಿಂಗವ್ವ ಓದು ಕಲಿತವಳಲ್ಲ, ಅವಳಿಗೆ ಬೇರೆ ಪತ್ರವೂ ಬೇಕಾಗಿರಲಿಲ್ಲ. ಈರಪ್ಪನ ಜಡ್ಡು ನಮಗೆ ಗೊತ್ತಾದದ್ದು ಹಾಗೆಯೇ. ಒಂದು ಸಂಜೆ ಡಬ್ಬಿ ಭಾರವಾಗಿ ಬಂತು. ರೊಟ್ಟಿ ಮಡಿಕೆ ಬಿಚ್ಚದೆ ಹಾಗೇ ಇದ್ದವು. ಅಂದಿನಿಂದ ಆ ಡಬ್ಬಿ ಗೋಡೆಯ ನಾಗೊಂದಿ ಹಲಗೆಯ ಮೇಲಿದೆ. ಮೊನ್ನೆ ಅವಳು ಅದನ್ನು ಇಳಿಸಿ ಬೂದಿ ಹಾಕಿ ತಿಕ್ಕಿದಳು.

ಆದ್ದರಿಂದ ಪತ್ರದ ಆರಂಭದಲ್ಲಿ ಮಾಡಿದ ಬೇಡಿಕೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ವಾದ ಸರಿಯಾಗಿಯೇ ಇರುವುದರಿಂದ ಅದನ್ನು ಹೊಡೆದುಹಾಕಿಲ್ಲ. ಸರಿಯಾದ ವಾದದಿಂದ ಏನು ಪ್ರಯೋಜನವೆಂಬುದು ಬೇರೆ ವಿಷಯ. ತಿದ್ದುಪಡಿಯಾದ ಬೇಡಿಕೆ ಹೀಗಿದೆ: ಬರುವ ರವಿವಾರ ತಾವು ಸೋಲತಕ್ಕದ್ದಲ್ಲ. ಜಲಾಲುದ್ದೀನನ ದಂಡು ಮಲಪ್ರಭೆಯ ಆಚೆಯ ದಂಡೆಯಲ್ಲೇ ಉಳಿಯಲಿ, ಕೋಟೆಯ ಬಾಗಿಲು ಮುಚ್ಚಿರಲಿ. ಹುಡುಗರು ಪರೀಕ್ಷೆ ಬರೆದು ಊರು ಸೇರಲಿ, ನೌಕರಿ ಹಿಡಿಯಲಿ, ತಮ್ಮನ್ನು ಮರೆಯಲಿ. ತಾವು ಮಾತ್ರ ಆ ಬಂಡೆಯ ಮೇಲೆ ಹಾಗೇ ಆಳುತ್ತಿರಬೇಕು. ಒಬ್ಬ ಕಳ್ಳನ ಸಲುವಾಗಿ ಒಂದು ರಾಜ್ಯವೇ ತಮ್ಮ ಕಾಲಡಿ ಇರಬೇಕೇ ಎಂದು ಎದುರು ಪಕ್ಷದವರು ಕೇಳಬಹುದು. ಕೇಳಲೇಬೇಕು, ಅವರ ಸ್ಥಾನದಲ್ಲಿ ನಾನಿದ್ದರೆ ಕೇಳುತ್ತಿದ್ದೆ. ಉತ್ತರವಿಲ್ಲದೆ ವೇದಿಕೆ ಇಳಿಯುತ್ತಿರುವುದು ನನಗೆ ಇದೇ ಮೊದಲು.

ರವಿವಾರ ಮೊದಲ ಬಸ್ಸಿಗೆ ಡಬ್ಬಿ ಬರುತ್ತದೆ. ಕೈದಿಗೆ ಎಂದು ಕಳಿಸಿದ್ದನ್ನು ತಮ್ಮ ಕಾವಲುಗಾರರು ಹಂಚಿಕೊಂಡು ತಿಂದರೆ ನನ್ನ ತಕರಾರಿಲ್ಲ. ಅವರೂ ತಾಯಂದಿರನ್ನು ಬಿಟ್ಟು ಓದಲು ಬಂದ ಹುಡುಗರೇ. ಆದರೆ ಸಂಜೆಯ ಬಸ್ಸಿಗೆ ಆ ಡಬ್ಬಿ ಖಾಲಿಯಾಗಿ ತಿರುಗಿ ಬರತಕ್ಕದ್ದು. ಈ ಒಂದು ವಿಷಯದಲ್ಲಿ ತಮ್ಮ ತಿರಸ್ಕಾರವನ್ನು ನಾನು ಸ್ವೀಕರಿಸುವುದಿಲ್ಲ.

ಇಂತಿ,
ತಮ್ಮ ವಿರುದ್ಧ ಮಾತಾಡಲು ಎದ್ದು ನಿಂತು, ತಮ್ಮ ಪರವಾಗಿ ಮುಗಿಸಿದ,
ಹೊಳಬಸಪ್ಪ
ಕಾಳಿನ ವ್ಯಾಪಾರಿ, ಕಮತಗಿ
(ಕಳ್ಳನ ತಂದೆ)