ನಾಲ್ಕು ಚಕ್ರಕ್ಕೆ ಹರಳೆಣ್ಣೆ

ಬಸವೇಶ್ವರನಗರ, ಬೆಂಗಳೂರು
೧೨ ಅಕ್ಟೋಬರ್ ೨೦೦೬, ಗುರುವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ನೀಲಾಂಬಿಕಾಳ ನಮಸ್ಕಾರ. ಬೆನ್ನುನೋವು ಹೇಗಿದೆ? ಜಮ್‌ಶೆಡ್‌ಪುರದ ಕ್ಯಾಂಟೀನಿನವರು ಈಗಲಾದರೂ ಅನ್ನ ಬೇಯಿಸಲು ಕಲಿತರೋ ಇಲ್ಲವೋ? ನಿಮ್ಮ ಟ್ರೇನಿಂಗು ಇನ್ನೂ ಎರಡು ತಿಂಗಳು ಮುಂದೆ ಹೋಯಿತೆಂದು ಕೇಳಿ ಅತ್ತೆ ಕ್ಯಾಲೆಂಡರಿನಲ್ಲಿ ದಿನಗಳನ್ನು ಒಂದು ಸಲ ಎಣಿಸಿದರು, ನಾನು ಎರಡು ಸಲ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಝೆನ್ ಕಾರು ಕೂಡ ಚೆನ್ನಾಗಿದೆ, ಅಂದರೆ ಈಗ ಚೆನ್ನಾಗಿದೆ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಬಾಯಿ ಹಾಕುತ್ತೀರಿ, ಅದಕ್ಕೇ ಈ ಕಾಗದ.

ಭಾನುವಾರ ಶ್ರೀಪೆರಂಬುದೂರಿನಲ್ಲಿ ನಿಮ್ಮ ಕ್ಲಬ್ಬಿನ ಟ್ರ್ಯಾಕ್ ಡೇ. ರೇಸಿನ ಟ್ರ್ಯಾಕಿನಲ್ಲಿ ಸ್ವಂತ ಕಾರನ್ನು ಮನಸೋ ಇಚ್ಛೆ ಓಡಿಸಬಹುದಾದ ಆ ಒಂದು ದಿನಕ್ಕೆ ನೀವು ಎರಡು ವರ್ಷ ಕಾದದ್ದು ನನಗೆ ಗೊತ್ತು. ಬರಲಾಗುವುದಿಲ್ಲ ಎಂದಾದ ಮೇಲೆ, ಹೊಸ ಚಕ್ರ, ಹೊಸ ಟೈರು ಹಾಕಿಸಿ ಕೀಲಿಯನ್ನು ಪುರುಷೋತ್ತಮನಿಗೆ ಕೊಡು ಎಂದಿರಿ. ಹಾಕಿಸುವುದಕ್ಕೆ ನಾನು, ಓಡಿಸುವುದಕ್ಕೆ ನಿಮ್ಮ ಗೆಳೆಯ! ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಗೇಟಿನ ಬಳಿ ಹೋಗಿ ಕಾರು ನೋಡುತ್ತೇನೆ, ಹಾಲು ಉಕ್ಕುತ್ತದೆ. ಬಂದು ಒರೆಸಿ ಮತ್ತೆ ಹೋಗುತ್ತೇನೆ.

ನೀವು ಹೇಳಿದ್ದ ಹದಿನೈದು ಇಂಚಿನ ಚಕ್ರ ಹಾಕಿಸಿಲ್ಲ. ಬೈಯುವ ಮೊದಲು ಪೂರ್ತಿ ಓದಿ. ರಾಜಾಜಿನಗರದ ಯಲ್ಲಪ್ಪನವರ ಟೈರಂಗಡಿಗೆ ಮೂರು ಸಲ ಹೋದೆ. ಮೊದಲ ಸಲ "ಸಾರ್ ಯಾವಾಗ ಬರ್ತಾರಮ್ಮ?" ಎಂದರು. ಎರಡನೆಯ ಸಲ ಕೂರಲು ಸ್ಟೂಲು ಕೊಟ್ಟರು. ಮೂರನೆಯ ಸಲ, ಪಕ್ಕದ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ಒಂದೊಂದೇ ಚಕ್ರ ಇಡಿಸಿದೆ. ನಿಮ್ಮ ಮೆಚ್ಚಿನದು ಎಂಟೂವರೆ ಕಿಲೋ, ಕಾರಿನ ಜೊತೆ ಬಂದಿದ್ದ ಕಬ್ಬಿಣದ್ದು ಆರು, ನಾನು ಹಾಕಿಸಿದ ಹದಿಮೂರು ಇಂಚಿನ ಅಲ್ಯೂಮಿನಿಯಂ ಅಲಾಯ್ ಚಕ್ರ ಐದಕ್ಕೂ ಕಡಿಮೆ. ನೋಡಲು ಚೆಂದ ಎಂದು ಎಂಟೂವರೆ ಕಿಲೋ ತಿರುಗಿಸುತ್ತಾ ಕೂತರೆ ಆ ಪುಟ್ಟ ಎಂಜಿನ್ನಿನ ಗತಿ ಏನು? ಟೈರಿನ ಕಥೆಯೂ ಹಾಗೆಯೇ. ರೇಸಿನ ಮೆತ್ತನೆಯ ಟೈರು ಬಿಸಿಯಾದ ಮೇಲಷ್ಟೇ ನೆಲ ಹಿಡಿಯುತ್ತದಂತೆ, ನಮ್ಮ ಮಳೆಗೆ, ಗುಂಡಿಗೆ ಅದನ್ನು ನಂಬುವಂತಿಲ್ಲ. ಇನ್ನೊಂದು ಸೆಟ್ಟು ಹೊತ್ತು ತರಲು ಹಿಂದೆ ಲಾರಿ ಬರುವುದಿಲ್ಲವಲ್ಲ. "ಅದೇ ಟೈರಲ್ಲಿ ಹೋಗ್ಬೇಕು, ಅದ್ರಲ್ಲೇ ಓಡಿಸ್ಬೇಕು, ಅದ್ರಲ್ಲೇ ಮನೆಗೂ ಬರ್ಬೇಕು" ಎಂದರು ಯಲ್ಲಪ್ಪ. ಹಾಗಾಗಿ ರಸ್ತೆಯ ಟೈರೇ ಹಾಕಿಸಿದೆ, ಸ್ವಲ್ಪ ಅಗಲದ್ದು, ಪಕ್ಕ ಗಟ್ಟಿಯಾಗಿರುವುದು.

ಇನ್ನು ಮುಚ್ಚಿಡಬೇಕೆಂದುಕೊಂಡಿದ್ದ ಸುದ್ದಿ. ಆಯುಧಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಿಮ್ಮಮ್ಮ ನಾಲ್ಕೂ ಹೊಸ ಟೈರಿಗೆ ಹರಳೆಣ್ಣೆ ಹಚ್ಚಿ ತಿಕ್ಕಿದ್ದರು. ಮಾವನವರು ಇದ್ದಾಗ ಅವರ ಲಾರಿಗೂ ವರ್ಷ ವರ್ಷ ಹಾಗೆಯೇ ಹಚ್ಚಿ ಮಿಂಚಿಸುತ್ತಿದ್ದರಂತೆ. ಲಾರಿಗೆ ಹಚ್ಚುತ್ತಿದ್ದುದು ಪಕ್ಕಕ್ಕೆ ಮಾತ್ರ. ಇದು ಮಗನ ಕಾರಲ್ಲವೇ, ಪ್ರೀತಿ ಜಾಸ್ತಿಯಾಗಿ ನೆಲಕ್ಕೆ ತಾಗುವ ಮೈಗೂ ಬಳಿದುಬಿಟ್ಟಿದ್ದರು. ನನಗೆ ಕಂಡದ್ದು ಹೊಳಪು ಮಾತ್ರ. ಕುಂಕುಮವಿಟ್ಟು, ನಾಲ್ಕು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟೆ. ಹನಿ ಬಿದ್ದು ರಸ್ತೆ ಒದ್ದೆಯಾಗಿತ್ತು. ಹಾವನೂರು ಸರ್ಕಲ್ಲಿನ ಹತ್ತಿರ ಆಟೋ ಒಂದು ಅಡ್ಡ ಬಂತು. ಬ್ರೇಕು ತುಳಿದರೆ ಕಾರು ನಿಲ್ಲಲಿಲ್ಲ, ಹಿಂಭಾಗ ಎಡಕ್ಕೆ ಜಾರಿ ಅಡ್ಡಡ್ಡ ಹೋಗತೊಡಗಿತು. ಹೋದ ವರ್ಷ ನೀವು ಪುರುಷೋತ್ತಮನಿಗೆ ಪಾಠ ಹೇಳುವಾಗ ನಾನು ಹಿಂದಿನ ಸೀಟಿನಲ್ಲಿ ಕಡಲೇಕಾಯಿ ಬಿಡಿಸುತ್ತಿದ್ದೆ, ನೆನಪಿದೆಯೇ? "ಜಾರಿದ್ರೆ ಬ್ರೇಕ್ ಬಿಡು ಮಗಾ, ಹಿಂದ್ಗಡೆ ಯಾವ ಕಡೆ ಹೋಗುತ್ತೋ ಆ ಕಡೆಗೇ ತಿರುಗ್ಸು." ಕಾಲು ತೆಗೆದೆ, ಎಡಕ್ಕೆ ತಿರುಗಿಸಿದೆ. ಕಾರು ನೆಟ್ಟಗಾದ ಮೇಲೆ ಮೆಲ್ಲಗೆ ಬ್ರೇಕು ಒತ್ತಿದೆ, ಆಟೋದಿಂದ ಒಂದು ಮೊಳ ದೂರದಲ್ಲಿ ನಿಂತಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೆದರಿಕೆಯ ಜೊತೆಗೆ ಖುಷಿಯೂ ಆಗಿತ್ತು. ಅತ್ತೆ ಮಡಿಲಿನ ಹೂವಿನ ಬುಟ್ಟಿಯನ್ನು ಬಿಡದೆ ನನ್ನನ್ನೇ ನೋಡಿದರು. "ನಿಮ್ ಮಾವನೂ ಹಿಂಗೇ ಹಿಡೀತಿದ್ರು ಕಣೇ" ಎಂದರು.

ಇಬ್ಬರೂ ಕೂತು ಸೋಪಿನ ನೀರಿನಲ್ಲಿ ನಾಲ್ಕು ಸಲ ಉಜ್ಜಿದೆವು. ಯಲ್ಲಪ್ಪ ಟೈರು ಮುಟ್ಟಿ ನೋಡಿ "ಸಾಸಿವೆ ಕರಿಬೇವು ಒಂದು ಹಾಕಿಲ್ಲ ನೋಡಿ" ಎಂದು ನಕ್ಕರು. ರಬ್ಬರು ಕೆಟ್ಟಿಲ್ಲವಂತೆ, ಓಡಿಸಿ ಮೇಲಿನ ಪದರ ಸವೆಸಿದರೆ ಸಾಕಂತೆ. ಅದಕ್ಕೇ ದಿನಾ ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಹೋಗಿ ಬರುತ್ತಿದ್ದೇನೆ. ನಿನ್ನೆ ಮತ್ತೆ ತೋರಿಸಿದೆ, ಈಗ ಸರಿಯಾಗಿದೆ ಎಂದರು. ಅತ್ತೆಯನ್ನು ಬೈಯಬೇಡಿ, ಪಾಪ ಎರಡು ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಪುರುಷೋತ್ತಮ ದಿನಕ್ಕೆರಡು ಸಲ ಫೋನ್ ಮಾಡಿ ಕೀಲಿ ಕೇಳುತ್ತಿದ್ದಾನೆ. ನಾಳೆ ನಾಳೆ ಎನ್ನುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಅತ್ತೆ ನೂರು ವರ್ಷ ಚೆನ್ನಾಗಿರು ಎಂದು ಹರಸಿದ್ದಾರೆ.

ನಿಮ್ಮ
ನೀಲ

ತಾ.ಕ.: ಕೀಲಿ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಕ್ಲಬ್ಬಿನ ಫಾರಂನಲ್ಲಿ ಓಡಿಸುವವರ ಹೆಸರು ಎಂಬ ಕಡೆ ನನ್ನದನ್ನೇ ಬರೆದು ಕಳಿಸಿಯಾಯಿತು. ಪುರುಷೋತ್ತಮನಿಗೆ ಇವತ್ತೇ ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಹೊರಡುತ್ತೇನೆ. ಅತ್ತೆಯೂ ಪುಳಿಯೋಗರೆ ಕಟ್ಟಿಕೊಂಡು ಬರುತ್ತಾರಂತೆ, ಹರಳೆಣ್ಣೆ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಭಾನುವಾರಕ್ಕೆ ಮೊದಲು ನಿಮ್ಮ ಕೈಗೆ ಸಿಗಬಾರದೆಂದೇ ಈ ಕಾಗದವನ್ನು ಸಾದಾ ಅಂಚೆಗೆ ಹಾಕುತ್ತಿದ್ದೇನೆ. ಟೈರು ಹೇಗಿತ್ತು ಎಂದು ಪುರುಷೋತ್ತಮನನ್ನು ಕೇಳಬೇಡಿ, ನನ್ನನ್ನು ಕೇಳಿ.