ಎರಡಿಂಚು ಎತ್ತರದ ಹ್ಯಾಂಡಲ್

ಇವಳೇ,

ನೀನು ಇದನ್ನು ಓದುವುದಿಲ್ಲ. ಬೈಯುವವರಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ನಮ್ಮ ಹಳೆಯ ಬೈಕನ್ನು ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸುತ್ತಿದ್ದೇನೆ. "ಈ ವಯಸ್ಸಲ್ಲಿ ಬೇಕಾ ಅಪ್ಪಾ?" ಎಂದಳು ಮಗಳು. ಬೇಕು ಎಂದೆ.

ಇವತ್ತು ಹ್ಯಾಂಡಲಿನ ಎತ್ತರ ಗೊತ್ತುಮಾಡಬೇಕಿತ್ತು. ಕಾಲೇಜಿನಲ್ಲಿ ಓದಿದ್ದನ್ನು ಮೆಕ್ಯಾನಿಕ್ಕಿಗೆ ಹೇಳೋಣವೆಂದು "ದಿ ಸೆಂಟರ್ ಆಫ್ ಗ್ರ್ಯಾವಿಟಿ ಈಸ್..." ಎಂದು ಶುರುಮಾಡಿದೆ, ಮುಂದಿನದು ನೆನಪಾಗಲಿಲ್ಲ.

"ಅದಿರಲಿ ಸಾರ್. ಹತ್ತಿ ಕೂತು, ಕಣ್ಮುಚ್ಚಿ ಕೈ ಚಾಚಿ. ಕೈ ನಿಂತಲ್ಲೇ ಹ್ಯಾಂಡಲ್ಲು."

ಚಾಚಿದೆ. ಅವನು ನಕ್ಕುಬಿಟ್ಟ. "ಟ್ಯಾಂಕಿಗೇ ಅಂಟ್ಕೊಂಡಿದೀರಲ್ಲ! ಹಿಂದೆ ಅಷ್ಟು ಜಾಗ ಯಾರಿಗೆ? ಸರಿದು ಕೂತ್ಕೊಳ್ಳಿ."

"ಇನ್ನೊಂಚೂರು ಮುಂದೆ ಹೋಗ್ರೀ" ಎಂದು ಹಿಂದಿನ ಸೀಟಿನಿಂದ ಮೂವತ್ತು ವರ್ಷ ನನ್ನನ್ನು ತಳ್ಳಿದವಳು ನೀನು. ಒಂದು ಸಲ ಸಮುದ್ರದ ತನಕ ಹೋಗೋಣ ಎಂದವಳೂ ನೀನೇ. ಆಗ ನನಗೆ ಆಫೀಸಿತ್ತು.

"ಹಿಂದೆ ಸರಿಯೋಲ್ಲಯ್ಯ. ಇಲ್ಲಿಂದಲೇ ಅಳತೆ ತಗೋ."

"ಹಾಗಾದ್ರೆ ಎರಡಿಂಚು ಎತ್ತರಿಸ್ಬೇಕು. ನೋಡಿದೋರು ನಗ್ತಾರೆ ಸಾರ್."

"ನಗಲಿ. ನಗೋರೇನು ಓಡಿಸ್ತಾರಾ?"

ಗೊಣಗುತ್ತಲೇ ಎತ್ತರಿಸಿದ. ಈಗ ಮೊಣಕೈ ಹಗುರವಾಗಿ ಮಡಚುತ್ತದೆ, ಭುಜ ಬಿಗಿಯುವುದಿಲ್ಲ. ಸೀಟನ್ನು ಹಿಂದಿನಿಂದ ಮೋಟು ಮಾಡಲೇ ಎಂದು ಕೇಳಿದ. ಒಂದು ಬೆರಳಿನಷ್ಟೂ ಕತ್ತರಿಸಕೂಡದು ಎಂದು ಹೇಳಿ ಬಂದಿದ್ದೇನೆ.